ಎಂಜಿನ್ನಿನ ಶಿರಸ್ಸಂಧಿ: ಗ್ಯಾಸ್ಕೆಟ್ಟಿನ ವಿಚಾರ

1921ರಲ್ಲಿ ಮಾರಾಟಕ್ಕೆ ಬಂದ ಬೆಂಟ್ಲಿ 3 ಲೀಟರ್ ಕಾರಿನ ಎಂಜಿನ್ನಿನಲ್ಲಿ ಹೆಡ್ಡೂ ಬ್ಲಾಕೂ ಏಕಪಿಂಡ. ಸಂಧಿಯೇ ಇಲ್ಲವಾದುದರಿಂದ ಹೆಡ್ ಗ್ಯಾಸ್ಕೆಟ್ಟಿನ ಪ್ರಸಕ್ತಿಯಿರಲಿಲ್ಲ. ಆದರೆ ವಾಲ್ವುಗಳನ್ನು ಉಜ್ಜಿ ಕೂರಿಸಲು ಇಡೀ ಬ್ಲಾಕನ್ನೇ ಎತ್ತಬೇಕಾಗುತ್ತಿತ್ತು. ಹೆಡ್ಡು ಬೇರೆಯಾಗಿರುವ ಎಂಜಿನ್ನುಗಳಲ್ಲಾದರೋ, ಎರಡು ಸ್ವರಗಳ ನಡುವೆ ಯಕಾರವು ಆಗಮವಾಗಿ ಬರುವಂತೆ, ಈ ಗ್ಯಾಸ್ಕೆಟ್ಟು ನಡುವೆ ನಿಂತು ದಹನವಾಯುವನ್ನೂ ನೀರನ್ನೂ ಎಣ್ಣೆಯನ್ನೂ ಬೆರೆಯಗೊಡದೆ ಕಾಯುವುದು.

ಅದು ಸುಟ್ಟುಹೋದಾಗ ದೋಷವನ್ನು ಅದರ ಮೇಲೆಯೇ ಹೊರಿಸುವುದು ರೂಢಿ. ವಿಚಾರಿಸಿ ನೋಡಿದರೆ ದೋಷವು ಅನೇಕವೇಳೆ ಮೇಲ್ಮೈಯಲ್ಲಿಯೋ ಬೋಲ್ಟುಗಳ ಬಿಗಿತದಲ್ಲಿಯೋ ಇರತಕ್ಕದ್ದು. ಅಧಿಕ ಒತ್ತಡದ ಎಂಜಿನ್ನಿಗೆ ಸ್ಟೇನ್‌ಲೆಸ್ ಉಕ್ಕಿನ ಹಲವು ಪದರಗಳ ಗ್ಯಾಸ್ಕೆಟ್ಟು ಯೋಗ್ಯವೇ ಸರಿ. ಆದರೆ ನಾರಿನ ಗ್ಯಾಸ್ಕೆಟ್ಟಿನಂತೆ ಅದು ಒರಟನ್ನು ಸಹಿಸದು. ಮೇಲ್ಮೈಯ ಒರಟು ಸುಮಾರು 50 ಮೈಕ್ರೋಇಂಚನ್ನು ಮೀರಬಾರದು. ಕೈಯಂತ್ರದ ಉಜ್ಜುಬಿಲ್ಲೆಯಿಂದ ತಿಕ್ಕಿದರೆ ಹೊಳಪು ಬಂದೀತು, ಸಮತಲವು ಕೆಟ್ಟೀತು! ಗ್ಯಾಸ್ಕೆಟ್ಟಿನ ರಂಧ್ರವು ಸಿಲಿಂಡರಿನ ವ್ಯಾಸಕ್ಕಿಂತ ಕೊಂಚ ದೊಡ್ಡದಿರಬೇಕು. ಒಳಚಾಚಿದ ಅಂಚು ಕೆಂಪಗೆ ಕಾದು ಅಕಾಲದಹನವನ್ನುಂಟುಮಾಡುವುದು.

ಬೋಲ್ಟುಗಳನ್ನು ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಯತಕ್ಕದ್ದು. ತಿರುಗಿಸುವ ಬಲದಲ್ಲಿ ನೂರಕ್ಕೆ ಸುಮಾರು 90 ಪಾಲು ಘರ್ಷಣೆಗೇ ವ್ಯಯವಾಗಿ, ಉಳಿದ 10 ಪಾಲು ಮಾತ್ರ ಹೆಡ್ಡನ್ನು ಅದುಮುವುದು. ಆದಕಾರಣ ತಯಾರಕರು ವಿಧಿಸಿದ ಎಣ್ಣೆಯನ್ನು ತಿರುಪಿಗೆ ಸವರದಿದ್ದರೆ ಟಾರ್ಕ್ ರೆಂಚು ತೋರಿಸುವ ಅಂಕವು ಮಿಥ್ಯೆಯೇ.