ಜೀಪಿನ ಮೈ, ತೇರಿನ ನ್ಯಾಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಓಡಾಡುವವರಿಗೆ ಹಳೆಯ ಜೀಪು ಇಂದಿಗೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುವುದುಂಟು. ತೋಟದ ಮನೆಯ ಕೊಟ್ಟಿಗೆಯ ಪಕ್ಕದಲ್ಲಿ, ಸುಲಿಯದ ಕಾಯಿಗಳ ರಾಶಿಯ ಹಿಂದೆ ಅದು ನಿಂತಿರುತ್ತದೆ. ಯಾರದೆಂದು ಕೇಳಿದರೆ ‘ನಮ್ಮ ತಾತನ ಕಾಲದ್ದು’ ಎಂಬ ಉತ್ತರ ಹೆಮ್ಮೆಯಿಂದಲೇ ಬರುತ್ತದೆ. ಆದರೆ ಸ್ವಲ್ಪ ಬಗ್ಗಿ ನೋಡಿದರೆ ಬೇರೆಯೇ ಕಥೆ. ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಎಂಜಿನ್ ಬಂದಿರುತ್ತದೆ. ನೆಲದ ತಗಡು ಒಮ್ಮೆಯೋ ಎರಡು ಬಾರಿಯೋ ಬದಲಾಗಿರುತ್ತದೆ. ಪಕ್ಕದ ತಗಡುಗಳು ಪೇಟೆಯ ವೆಲ್ಡಿಂಗ್ ಶೆಡ್ಡಿನಲ್ಲಿ ಹುಟ್ಟಿದವು. ತಾತನ ಕಾಲದಿಂದ ಉಳಿದು ಬಂದಿರುವುದು ಕೆಳಗಿನ ಚಾಸಿ ಮತ್ತು ಅದರ ಮೇಲೆ ಕೊರೆದ ನಂಬರು ಮಾತ್ರ.

ಹಾಗಾದರೆ ಅದು ಇನ್ನೂ ತಾತನ ಜೀಪೇ? ಇದು ಜಗಲಿಕಟ್ಟೆಯ ಹರಟೆಯ ಪ್ರಶ್ನೆಯಂತೆ ಕಂಡರೂ 2021ರಿಂದ ಈಚೆಗೆ ಕಾನೂನಿನ ಪ್ರಶ್ನೆಯೂ ಆಗಿದೆ. ಅದನ್ನು ಅರಿಯಬೇಕಾದರೆ ಜೀಪು ಎಂಬ ವಾಹನ ಹೇಗೆ ಹುಟ್ಟಿತು, ಅದರ ಮೈಯನ್ನು ನಮ್ಮವರು ಹೇಗೆ ಮತ್ತೆ ಮತ್ತೆ ಕಟ್ಟಿದರು ಎಂಬುದನ್ನು ನೋಡಬೇಕು.

ಯುದ್ಧದ ಕೂಸು

ಜೀಪು ಎರಡನೇ ಮಹಾಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೇನೆಗೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಒಂದು ಹಗುರ ವಾಹನ ಬೇಕಾಗಿತ್ತು. ಮಾದರಿ ತಯಾರಿಸಲು ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಆ ಗಡುವಿನೊಳಗೆ ಮಾದರಿಯನ್ನು ಒಪ್ಪಿಸಿತು. ಆದರೆ ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ಭಾಗ್ಯ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳಿಗೆ ಒದಗಿತು. ಯುದ್ಧ ಮುಗಿಯುವ ಹೊತ್ತಿಗೆ ಇಂಥ ವಾಹನಗಳು ಆರು ಲಕ್ಷಕ್ಕೂ ಮೀರಿ ತಯಾರಾಗಿದ್ದವು.

ಆತುರದಲ್ಲಿ ಹುಟ್ಟಿದ್ದರಿಂದಲೇ ಜೀಪಿನ ಮೈ ಸರಳ. ಕಾರಿನಂತೆ ಬಳುಕುವ ತಿರುವುಗಳಿಲ್ಲ. ಬಹುಪಾಲು ಚಪ್ಪಟೆ ತಗಡು, ನೇರ ಮಡಿಕೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಮೈ ಬೇರೆ, ಚಾಸಿ ಬೇರೆ. ಎಂಜಿನ್, ಗೇರ್ ಪೆಟ್ಟಿಗೆ, ಅಚ್ಚು, ಸ್ಪ್ರಿಂಗ್ ಪಟ್ಟಿಗಳೆಲ್ಲ ಚಾಸಿಯನ್ನೇ ನೆಚ್ಚಿಕೊಂಡಿವೆ. ಮೈಯನ್ನು ಬೋಲ್ಟು ಹಾಕಿ ಅದರ ಮೇಲೆ ಕೂರಿಸಲಾಗಿದೆಯಷ್ಟೆ. ಬೋಲ್ಟು ಬಿಚ್ಚಿದರೆ ನಾಲ್ಕು ಜನ ಸೇರಿ ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಯುದ್ಧಭೂಮಿಗಾಗಿ ಮಾಡಿದ ಈ ಏರ್ಪಾಡು ಮುಂದೆ ನಮ್ಮ ಸಣ್ಣ ಪೇಟೆಗಳ ಕುಶಲಕರ್ಮಿಗಳಿಗೆ ವರವಾಯಿತು.

ಭಾರತದಲ್ಲಿ 1947ರಲ್ಲಿ ಮಹೀಂದ್ರ ಕಂಪೆನಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಜೀಪು ಹಳ್ಳಿಗರಿಗೆ ‘ಬಿ.ಡಿ.ಓ. ಸಾಹೇಬರ ಗಾಡಿ’ಯಾಗಿ ಪರಿಚಯವಾಯಿತು. ಸರ್ಕಾರ ಹರಾಜು ಹಾಕಿದ ಹಳೆಯ ಜೀಪುಗಳು ರೈತರ, ಗುತ್ತಿಗೆದಾರರ, ವರ್ತಕರ ಕೈಸೇರಿದವು. ತೋಟದ ಬದುವಿನ ದಾರಿಯಲ್ಲಿ ಗೊಬ್ಬರ ಒಯ್ಯಲು, ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಚೀಲ ಸಾಗಿಸಲು, ಮದುವೆಗೆ ಹೆಣ್ಣಿನ ಕಡೆಯವರನ್ನು ಕರೆತರಲು, ಚುನಾವಣೆ ಬಂದಾಗ ಮೈಕು ಕಟ್ಟಲು ಒಂದೇ ಗಾಡಿ ಸಾಕಾಯಿತು.

ಮೈಗೆ ಹತ್ತುವ ರೋಗ

ಜೀಪಿನ ಎಂಜಿನ್ನಿಗಿಂತ ಮೊದಲು ಸೋಲುವುದು ಅದರ ಮೈ. ತುಕ್ಕು ಶುರುವಾಗುವುದು ಕಣ್ಣಿಗೆ ಕಾಣುವ ಕಡೆ ಅಲ್ಲ. ನೆಲದ ಚಾಪೆಯ ಅಡಿಯಲ್ಲಿ, ಎರಡು ತಗಡು ಒಂದರ ಮೇಲೊಂದು ಕೂಡುವ ಸಂದಿಯಲ್ಲಿ. ಯುದ್ಧಕಾಲದ ವಿಲ್ಲೀಸ್ ಜೀಪುಗಳಲ್ಲಿ ನೆಲಕ್ಕೆ ಆಸರೆಯಾಗಿದ್ದ ತಗಡಿನ ದೋಣಿಗಳೊಳಗೆ ಮರದ ತುಂಡುಗಳನ್ನು ತುಂಬಿದ್ದರು. ಆ ಮರ ನೀರು ಹೀರಿಕೊಂಡು ಸುತ್ತಲಿನ ತಗಡನ್ನು ಒಳಗಿನಿಂದಲೇ ತಿಂದುಹಾಕುತ್ತಿತ್ತು.

ತೆಂಗಿನ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಳ್ಳುತ್ತದೆ. ತೆಂಗು ಪೊಟ್ಯಾಷ್ ಹೆಚ್ಚು ಬೇಡುವ ಬೆಳೆ. ಅದಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಅಡುಗೆ ಉಪ್ಪಿನ ದಾಯಾದಿ. ಚೀಲದಿಂದ ಉದುರಿದ ಪುಡಿ ತೇವದೊಡನೆ ಬೆರೆತರೆ ಕಬ್ಬಿಣಕ್ಕೆ ಅದು ವಿಷವೇ ಸರಿ. ಗೊಬ್ಬರ ಹೊತ್ತ ಜೀಪನ್ನು ಅಂದೇ ತೊಳೆದು ಒಣಗಿಸದಿದ್ದರೆ ನೆಲದ ತಗಡು ಬೇಗನೆ ಜರಡಿಯಾಗುತ್ತದೆ.

ತಗಡಿಗೆ ರೂಪ ಕೊಡುವ ಬಗೆ

ಆಗ ಬರುವುದು ಟಿಂಕರಿಂಗ್ ಕೆಲಸದವರ ಸರದಿ. ಟ್ರ್ಯಾಕ್ಟರ್ ಟ್ರೇಲರ್, ಗೇಟು, ಕಿಟಕಿ ಸರಳು ಮಾಡುವ ಶೆಡ್ಡುಗಳಲ್ಲೇ ಈ ಕೆಲಸವೂ ನಡೆಯುತ್ತದೆ. ನಕ್ಷೆಯಿಲ್ಲ, ಕಾರ್ಖಾನೆಯ ಅಚ್ಚಿಲ್ಲ. ಹಳೆಯ ಮೈಯೇ ಅವರಿಗೆ ನಕ್ಷೆ. ಕೊಳೆತ ತಗಡನ್ನು ಎಸೆಯುವ ಮುನ್ನ ಅದನ್ನು ರಟ್ಟಿನ ಮೇಲಿಟ್ಟು ಗೀಟು ಹಾಕಿ ಕತ್ತರಿಸಿಕೊಳ್ಳುತ್ತಾರೆ. ಮೂಲ ಜೀಪಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 80 ಅಂಗುಲ. ಮೈ ಎಷ್ಟೇ ಬದಲಾದರೂ ಈ ಅಳತೆಗೆ ಅದು ಕೂರಲೇಬೇಕು. ಮೂಲೆಯಿಂದ ಮೂಲೆಗೆ ಓರೆಯಾಗಿ ಟೇಪು ಹಿಡಿದು ಎರಡೂ ಕಡೆ ಸಮ ಬಂದರೆ ಮಾತ್ರ ಮುಂದಿನ ಕೆಲಸ. ಅಲ್ಲಿ ಅರ್ಧ ಅಂಗುಲ ತಪ್ಪಿದರೆ ಕೊನೆಗೆ ಬಾನೆಟ್ಟು ಮುಚ್ಚುವುದಿಲ್ಲ.

ಮೊದಲು ನೆಲ, ಆಮೇಲೆ ಪಕ್ಕಗಳು, ಹಿಂಬದಿ, ಕೊನೆಗೆ ಮುಂಭಾಗ. ಚಪ್ಪಟೆ ತಗಡು ಚಪ್ಪಟೆಯಾಗಿಯೇ ಉಳಿದರೆ ಓಡುವಾಗ ಡಬಡಬ ಎನ್ನುತ್ತದೆ. ಅದಕ್ಕೆ ಬಲ ಬರುವುದು ಮಡಿಕೆಯಿಂದ. ಆದ್ದರಿಂದ ನೆಲಕ್ಕೂ ಹಿಂಬದಿಗೂ ಉದ್ದುದ್ದ ಏಣುಗಳನ್ನು ಒತ್ತುತ್ತಾರೆ. ಮೇಲಂಚನ್ನು ಕಂಬಿಯ ಸುತ್ತ ಸುತ್ತಿ ಮಡಿಸುವುದೂ ಉಂಟು. ಬಕೀಟಿನ ಬಾಯಿಗೆ ಕಂಬಿ ಕೂರಿಸುವ ವಿದ್ಯೆಯೇ ಇದು.

ಅತಿ ಕಷ್ಟದ ಕೆಲಸ ವೆಲ್ಡಿಂಗು. ತೆಳು ತಗಡಿಗೆ ಒಂದೇ ಸಮನೆ ಬೆಂಕಿ ಕೊಟ್ಟರೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಾಗಾಗಿ ಇಲ್ಲೊಂದು ಚುಕ್ಕೆ, ದೂರದಲ್ಲೊಂದು ಚುಕ್ಕೆ ಬೆಸೆಯುತ್ತ, ನಡುವೆ ಆರಲು ಬಿಡುತ್ತ ಸಾಗಬೇಕು. ಬಳಿಕ ಸುತ್ತಿಗೆ, ಹಿಂದೆ ಒತ್ತು ಕೊಡುವ ಕಬ್ಬಿಣದ ಗಟ್ಟಿ; ಕೊನೆಗೆ ರೆಡ್ ಆಕ್ಸೈಡ್ ಮತ್ತು ಬಣ್ಣ. ತಗಡಿನ ಕೆಲಸ ಬಲ್ಲವನಿಗೆ ಪಟ್ಟಿ ಕಡಿಮೆ ಸಾಕು. ಬಾರದವನು ತಪ್ಪನ್ನೆಲ್ಲ ಪಟ್ಟಿಯಿಂದಲೇ ಮುಚ್ಚುತ್ತಾನೆ.

ದಪ್ಪ ತಗಡು ಹಾಕಿಸಿದರೆ ಗಟ್ಟಿ ಎಂಬುದು ಮಾಲೀಕರ ಸಾಮಾನ್ಯ ನಂಬಿಕೆ. 18 ಗೇಜಿನ ತಗಡು ಸುಮಾರು 1.2 ಮಿಲಿಮೀಟರ್ ದಪ್ಪ. ಚದರ ಮೀಟರಿಗೆ ಸುಮಾರು 9.5 ಕಿಲೋ ತೂಕ. 14 ಗೇಜಿನದು 2 ಮಿಲಿಮೀಟರ್. ತೂಕ ಸುಮಾರು 16 ಕಿಲೋ. ಇಡೀ ಮೈಗೆ ಇದನ್ನೇ ಬಳಸಿದರೆ ಹೆಚ್ಚಿದ ಭಾರವನ್ನೆಲ್ಲ ಹಳೆಯ ಸ್ಪ್ರಿಂಗ್ ಪಟ್ಟಿ ಮತ್ತು ಬ್ರೇಕುಗಳೇ ಹೊರಬೇಕು.

ಕಾನೂನು ಹೇಳುವುದೇನು?

ತುಕ್ಕು ಹಿಡಿದ ತಗಡನ್ನು ತೆಗೆದು ಅದೇ ಆಕಾರದ ಹೊಸದನ್ನು ಕೂರಿಸುವುದು ದುರಸ್ತಿ. ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದು, ತೆರೆದ ಜೀಪನ್ನು ಮುಚ್ಚಿದ ವ್ಯಾನಿನಂತೆ ಮಾಡುವುದು ಮಾರ್ಪಾಡು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು.

ನಿಜವಾದ ತೊಡಕು ಬಂದಿರುವುದು ವಿಂಟೇಜ್ ವಾಹನಗಳ ವಿಚಾರದಲ್ಲಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಗೆ ಅವಕಾಶ ಕೊಟ್ಟವು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ ಎಂದು ಗೊತ್ತುಪಡಿಸಲಾಯಿತು. ಇಂಥ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡಿನಂಥ ಭಾರೀ ಬದಲಾವಣೆ ಆಗಿರಬಾರದು ಎಂಬುದು ಷರತ್ತು.

ಅರಮನೆಯ ಶೆಡ್ಡಿನಲ್ಲಿ ನೆರಳು ಕಂಡ ಕಾರಿಗೆ ಈ ಷರತ್ತು ಭಾರವಲ್ಲ. ಆದರೆ ಅರ್ಧ ಶತಮಾನ ಗೊಬ್ಬರ, ಕಾಯಿ, ಜನ ಹೊತ್ತ ಜೀಪಿನ ಪಾಡೇನು? ಅದು ಇಷ್ಟು ಕಾಲ ಬದುಕಿದ್ದೇ ಮೈ ಬದಲಿಸಿಕೊಂಡು. ಡೀಸೆಲ್ ಎಂಜಿನ್ ಕೂರಿಸಿದ ಜೀಪಂತೂ ಈ ಬಾಗಿಲಲ್ಲೇ ಸೋಲುವ ಸಂಭವ ಹೆಚ್ಚು. ದುಡಿದ ವಾಹನಕ್ಕೇ ಹಿರಿಯನ ಪಟ್ಟ ತಪ್ಪುವುದು ವಿಪರ್ಯಾಸವಲ್ಲವೇ?

ಜೀಪಿನ ಆಕಾರಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ ಅಮೆರಿಕದ ವ್ಯಾಜ್ಯವೊಂದು ಸಾಕ್ಷಿ. ಮಹೀಂದ್ರ ಅಲ್ಲಿ ಮಾರುತ್ತಿದ್ದ ‘ರಾಕ್ಸರ್’ ವಾಹನ ಜೀಪಿನ ಚೌಕಾಕಾರದ ಮೈಯನ್ನು ಅನುಕರಿಸಿದೆ ಎಂದು ಜೀಪ್ ಹೆಸರಿನ ಒಡೆತನವುಳ್ಳ ಫಿಯಟ್ ಕ್ರೈಸ್ಲರ್ 2018ರಲ್ಲಿ ದೂರಿತು. 2020ರಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ದೂರನ್ನು ಒಪ್ಪಿತು. ಮಹೀಂದ್ರ ಆ ವಾಹನದ ರೂಪವನ್ನೇ ಬದಲಿಸಬೇಕಾಯಿತು.

ಕಲ್ಲೋ, ತೇರೋ?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೇ ಶತಮಾನದ ಕಲ್ಲೇಶ್ವರ ಗುಡಿಯಿದೆ. ಅದರ ಛಾವಣಿಯ ನಟರಾಜನ ಶಿಲ್ಪ ಹೆಸರುವಾಸಿ. ಆ ಕಲ್ಲನ್ನು ತೆಗೆದು ಹೊಸದನ್ನು ಕೂರಿಸಿ ಅದೇ ಗುಡಿ ಎಂದರೆ ಯಾರೂ ಒಪ್ಪರು. ಅಲ್ಲಿ ಬೆಲೆ ಇರುವುದು ಮೂಲ ಕಲ್ಲಿಗೆ. ಊರ ತೇರಿನ ನ್ಯಾಯವೇ ಬೇರೆ. ಗಾಲಿ ಸವೆದರೆ ಹೊಸ ಗಾಲಿ, ತೊಲೆ ಲಡ್ಡಾದರೆ ಹೊಸ ತೊಲೆ. ಬಡಗಿಯ ಕೈ ಅಳತೆ ತಪ್ಪದಿದ್ದರೆ ಅದು ಅಜ್ಜಂದಿರು ಎಳೆದ ತೇರೇ. ಎಳೆಯುವವರಲ್ಲಿ ಯಾರಿಗೂ ಆ ಬಗ್ಗೆ ಸಂಶಯವಿಲ್ಲ.

ಕಾನೂನು ಜೀಪನ್ನು ಕಲ್ಲಿನ ಗುಡಿಯಂತೆ ನೋಡುತ್ತಿದೆ. ಜನ ಅದನ್ನು ತೇರಿನಂತೆ ನಡೆಸಿಕೊಂಡು ಬಂದಿದ್ದಾರೆ. ಎರಡರಲ್ಲೂ ಅರ್ಥವಿದೆ. ಮೂಲದ ಹೆಸರಿನಲ್ಲಿ ನಕಲಿ ಮಾರಾಟವಾಗದಂತೆ ತಡೆಯಲು ಕಟ್ಟುನಿಟ್ಟು ಬೇಕು. ಆದರೆ ಮೂಲದ ಅಳತೆಗೆ ನಿಷ್ಠವಾಗಿ ಕೈಯಿಂದ ಕಟ್ಟಿದ ಮೈಯೂ ಒಂದು ಚರಿತ್ರೆಯೇ ಎಂಬುದನ್ನು ಪರಿಶೀಲಿಸುವವರು ಮನಗಾಣಬೇಕಲ್ಲವೇ?

ಅಲ್ಲಿಯವರೆಗೆ ಹಳೆಯ ಜೀಪಿನ ಒಡೆಯರು ಮಾಡಬಹುದಾದದ್ದು ಇಷ್ಟು: ಚಾಸಿಗೆ ಕತ್ತರಿ ಹಾಕದಿರುವುದು, ಅದರ ನಂಬರು ಅಳಿಯದಂತೆ ಕಾಯುವುದು, ಬಿಚ್ಚುವ ಮುನ್ನ ಮತ್ತು ಕಟ್ಟಿದ ನಂತರ ಫೋಟೊ ತೆಗೆದಿಡುವುದು, ಎಂಜಿನ್ ಬದಲಿಸುವುದಾದರೆ ಮೊದಲೇ ಆರ್.ಟಿ.ಓ. ಕಚೇರಿಯ ಒಪ್ಪಿಗೆ ಪಡೆಯುವುದು, ಹಳೆಯ ನೋಂದಣಿ ಪತ್ರವನ್ನು ಜೋಪಾನ ಮಾಡುವುದು. ಜೊತೆಗೆ, ರಟ್ಟಿನ ಮೇಲೆ ಗೀಟು ಹಾಕಿ ಕತ್ತರಿಸಿದ ಆ ಅಳತೆಗಳನ್ನೂ ಎಸೆಯದಿರಲಿ. ಇಂದು ತಗಡು ಎಲ್ಲಿ ಬೇಕಾದರೂ ಸಿಗುತ್ತದೆ. ಅದನ್ನು ಜೀಪು ಮಾಡುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ವಯಸ್ಸಾಗುತ್ತಿವೆ.