ಒಂದೇ ತಿರುಳು, ಎರಡು ಹೊಳೆ

ಕೇರಳದ ಚಾಲಿಯಾರ್ ಹೊಳೆಯ ಹೋರಾಟ ಕುರಿತು ಪಿ. ಬಾಬುರಾಜ್ ಮತ್ತು ಸಿ. ಶರತ್‌ಚಂದ್ರನ್ ಒಂದು ಸಾಕ್ಷ್ಯಚಿತ್ರ ತೆಗೆದಿದ್ದಾರೆ. ಮಲಯಾಳಂ ಬಾರದಿದ್ದರೂ ಹರಿಹರ, ರಾಣೆಬೆನ್ನೂರು ಕಡೆಯವರಿಗೆ ಅದರ ಕಥೆ ಅರ್ಥವಾದೀತು. ಚಾಲಿಯಾರ್ ದಂಡೆಯ ಮಾವೂರಿನಲ್ಲಿದ್ದ ಗ್ವಾಲಿಯರ್ ರೇಯಾನ್ಸ್, ತುಂಗಭದ್ರೆಯ ದಂಡೆಯ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಎರಡೂ ಬಿರ್ಲಾ ಸಮೂಹದ ಕಾರ್ಖಾನೆಗಳೇ. ಎರಡೂ ತಯಾರಿಸಿದ ಸರಕೂ ಒಂದೇ: ರೇಯಾನ್ ನೂಲಿಗೆ ಬೇಕಾದ ಮರದ ತಿರುಳು.

ಈ ತಿರುಳಿಗೂ ಹೊಳೆಗೂ ಏನು ಸಂಬಂಧ? ನೂಲಿಗೆ ಬೇಕಾದ ಸೆಲ್ಯುಲೋಸ್ ಮರದ ತೂಕದಲ್ಲಿ ಹೆಚ್ಚೆಂದರೆ ಅರ್ಧದಷ್ಟು. ಉಳಿದುದನ್ನು, ಮುಖ್ಯವಾಗಿ ಎಳೆಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ನನ್ನು, ರಾಸಾಯನಿಕಗಳಲ್ಲಿ ಬೇಯಿಸಿ ಬಿಡಿಸಬೇಕು. ಹಾಗೆ ಬರುವ ಕಪ್ಪು ದ್ರವವನ್ನು ಕುಲುಮೆಯಲ್ಲಿ ಸುಟ್ಟು ರಾಸಾಯನಿಕವನ್ನು ಮರಳಿ ಪಡೆಯುವುದು ಕ್ರಮ. ಆದರೂ ತಿರುಳನ್ನು ತೊಳೆದ, ಬಿಳುಪು ಮಾಡಿದ ಕಂದು ನೀರು ಅಪಾರವಾಗಿ ಉಳಿಯುತ್ತದೆ. ಅದು ಸರಿಯಾಗಿ ಶುದ್ಧವಾಗದೆ ಹೊಳೆ ಸೇರಿದರೆ ಅದರಲ್ಲಿನ ಸಾವಯವ ಕಸವನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು ಉಸಿರುಕಟ್ಟಿ ಸಾಯುತ್ತದೆ. ಮಳೆಗಾಲದಲ್ಲಿ ತುಂಬಿದ ಹೊಳೆ ಸಹಿಸಿಕೊಂಡ ಕೊಳೆಯೇ ಬೇಸಿಗೆಯ ಸಣ್ಣ ಹರಿವಿಗೆ ಮಾರಕ.

ಮಾವೂರಿಗೆ ಕಾರ್ಖಾನೆ ತಾನಾಗಿ ಬಂದುದಲ್ಲ, ಕರೆಸಿಕೊಂಡದ್ದು. ಕೇರಳ ಸರ್ಕಾರ ಬಿದಿರನ್ನು ಟನ್ನಿಗೆ ಒಂದು ರೂಪಾಯಿಯಂತೆ ಕೊಡಲು ಒಪ್ಪಿತ್ತು! 1963ರಲ್ಲಿ ತಿರುಳಿನ ಉತ್ಪಾದನೆ ಆರಂಭವಾಯಿತು. ಹೊಳೆಯ ದೂರುಗಳೂ ಬೆನ್ನಿಗೇ ಬಂದವು. ವಾಳಕ್ಕಾಡಿನ ಕೆ.ಎ. ರೆಹಮಾನ್ ಆ ಹೋರಾಟದ ಮುಂದಾಳು. ಅತ್ತ 1985ರಲ್ಲಿ ಕಾರ್ಖಾನೆ ಮುಚ್ಚಿ ಮೂರು ವರ್ಷ ಬೀಗ ಬಿದ್ದಾಗ ಕಾರ್ಮಿಕರ ಮನೆಗಳಲ್ಲಿ ಒಲೆ ಉರಿಯಲಿಲ್ಲ, ಆತ್ಮಹತ್ಯೆಗಳೂ ನಡೆದವು. ಹೊಳೆಯವರ ದುಃಖ, ಕೂಲಿಯವರ ದುಃಖ ಎದುರುಬದುರಾಗಿ ನಿಂತವು. ಎರಡೂ ನಿಜವೇ ಆಗಿದ್ದುದು ಅಲ್ಲಿನ ಸಂಕಟ. ರೆಹಮಾನ್ 1999ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು.

ತುಂಗಭದ್ರೆಯ ಕಥೆ ಬೇರೆ ದಾರಿ ಹಿಡಿಯಿತು. ಕುಮಾರಪಟ್ಟಣದ ಕಾರ್ಖಾನೆ ಶುರುವಾದದ್ದು 1972ರಲ್ಲಿ. 1984ರ ಹೊತ್ತಿಗೆ ಸತ್ತ ಮೀನು ತೇಲಿದ ಸುದ್ದಿ ರಾಜ್ಯದ ಗಮನ ಸೆಳೆದಿತ್ತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಇದನ್ನು ಕೈಗೆತ್ತಿಕೊಂಡಿತು. ಆದರೆ ಕಾರ್ಖಾನೆಗೆ ನೀರಷ್ಟೇ ಸಾಲದು, ನೀಲಗಿರಿ ಮರವೂ ಬೇಕು. ಸರ್ಕಾರ ಅದೇ ಕಂಪನಿಯೊಡನೆ ಸೇರಿ ‘ಕರ್ನಾಟಕ ಪಲ್ಪ್‌ವುಡ್’ ಎಂಬ ಜಂಟಿ ಸಂಸ್ಥೆ ಕಟ್ಟಿ, ಸುಮಾರು 30,000 ಹೆಕ್ಟೇರ್ ಜಮೀನನ್ನು ನೀಲಗಿರಿ ನೆಡಲು ಕೊಡಹೊರಟಿತು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ನೆಲವದು. ಶಿವರಾಮ ಕಾರಂತರು ಸಮುದಾಯದೊಡನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯೋಗದ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಹೊಳೆಯ ಮೀನಿನಿಂದ ಹೊರಟ ಜಗಳ ಹುಲ್ಲುಗಾವಲಿಗೆ ಬಂದು ನಿಂತಿತ್ತು.

ಜಂಟಿ ಕಂಪನಿಯನ್ನು 1991ರಲ್ಲಿ ಮುಚ್ಚಲಾಯಿತು. ಮಾವೂರಿನ ಕಾರ್ಖಾನೆ 2001ರಲ್ಲಿ ಕಾಯಂ ಬಾಗಿಲು ಹಾಕಿತು. ಕುಮಾರಪಟ್ಟಣದ್ದು ಇಂದಿಗೂ ನಡೆಯುತ್ತಿದೆ.