ಶೋಧಯಂತ್ರಕ್ಕೆ ಕಾಣದ ಕನ್ನಡ

ಪ್ರಶ್ನೆ: ಮುಧೋಳದ ರನ್ನಕವಿಯನ್ನು ಕುರಿತು ಬರೆದು ಅಂತರಜಾಲದಲ್ಲಿರಿಸಿದ ನನ್ನ ಲೇಖನ, ಗೂಗಲ್ಲಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲವೇಕೆ? (ಓದುಗರು, ಜಮಖಂಡಿ)

ಉತ್ತರ: ತಮ್ಮ ಲೇಖನವು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದ್ದರೆ, ಕಣ್ಣಿಗೆ ಕನ್ನಡವಾಗಿ ತೋರುವ ಅದು ಯಂತ್ರದ ಪಾಲಿಗೆ ಅರ್ಥರಹಿತವಾದ ರೋಮನ್ ಅಕ್ಷರಗಳ ರಾಶಿಯೇ ಸರಿ, ಏಕೆಂದರೆ ಆ ಪದ್ಧತಿಯಲ್ಲಿ ರೋಮನ್ ಲಿಪಿಯ ಸಂಕೇತಾಂಕಗಳಿಗೇ ಕನ್ನಡದ ರೂಪಗಳನ್ನು ತೊಡಿಸಲಾಗಿದೆ. ಪ್ರತಿಯೊಂದು ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತಾಂಕಗಳನ್ನು ನೀಡುವ ಯೂನಿಕೋಡ್ ಪದ್ಧತಿಯ, 1991ರಲ್ಲಿ ಪ್ರಕಟವಾದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ದೊರೆತಿದ್ದರೂ, ನಮ್ಮ ಮುದ್ರಣಲೋಕವು ಹಳೆಯ ರೂಢಿಯನ್ನು ಬಿಡಲೊಲ್ಲದೆ ಬಹುಕಾಲ ಕಳೆಯಿತು. ಆ ಹಟದಲ್ಲಿ ನನಗೆ ಕಿಂಚಿತ್ತೂ ಸಹಾನುಭೂತಿಯಿಲ್ಲ. ತಾವು ಮೊದಲು ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದ ಮೇಲೆಯೂ, ಅನ್ಯಪುಟಗಳ ಕೊಂಡಿಯಿಲ್ಲದ ಬರಹವು ಗೋಚರಿಸಲು ವಿಳಂಬವಾದೀತು, ಶೋಧಯಂತ್ರವು ಬಹುಮಟ್ಟಿಗೆ ಕೊಂಡಿಯಿಂದ ಕೊಂಡಿಗೆ ಸಂಚರಿಸಿಯೇ ಹೊಸತನ್ನು ಕಾಣುವುದರಿಂದ. ಜಾಲತಾಣವು ತಮ್ಮದೇ ಆಗಿದ್ದರೆ, ಗೂಗಲ್ಲಿನ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಪುಟದ ವಿಳಾಸವನ್ನು ತಾವೇ ಸಲ್ಲಿಸಬಹುದು. ಆದರೆ ಸಲ್ಲಿಸಿದ್ದೆಲ್ಲವನ್ನೂ ಸೇರಿಸಿಕೊಳ್ಳುವ ವಾಗ್ದಾನವನ್ನು ಗೂಗಲ್ ಕೊಟ್ಟಿಲ್ಲ.